ವಾಲ್ತೆಲ್ಲೀನಾದ ಕೆಂಪು ವೈನ್: ಗ್ಲಾಸಿನಿಂದ ಊಟದ ತಟ್ಟೆಯವರೆಗೆ

ಗ್ಲಾಸಿಗೆ ಸುರಿದ ಕೂಡಲೇ ಇಟಲಿಯ ವಾಲ್ತೆಲ್ಲೀನಾ ಕಣಿವೆಯ ಈ ವೈನ್ ನೋಡಿ ನಿರಾಶರಾಗುವವರೇ ಹೆಚ್ಚು. ಕೆಂಪು ವೈನ್ ಅಂದರೆ ನೇರಳೆ ಹಣ್ಣಿನ ರಸದಂತೆ ಕಪ್ಪಗಿರಬೇಕು ಅಂದುಕೊಂಡವರ ಕಣ್ಣಿಗೆ ಇದು ಪುನರ್ಪುಳಿ ಶರಬತ್ತಿನಷ್ಟು ತೆಳುವಾಗಿ ಕಾಣುತ್ತದೆ. ಅಂಚಿನಲ್ಲಿ ಇಟ್ಟಿಗೆಯ ಬಣ್ಣ ಬೇರೆ. ನೀರು ಬೆರೆಸಿದ್ದಾರೇನೋ ಎಂಬ ಅನುಮಾನ. ಆದರೆ ಒಂದು ಗುಟುಕು ಒಳಗೆ ಹೋದ ಮೇಲೆ, ಹಲ್ಲು ನಾಲಿಗೆಯೆಲ್ಲ ಒಗರುಗಟ್ಟಿದಾಗ, ಇಷ್ಟು ತೆಳ್ಳಗಿದ್ದದ್ದು ಬಾಯನ್ನು ಹೀಗೆ ಹಿಡಿಯುವುದು ಹೇಗೆ ಎಂದು ಆಶ್ಚರ್ಯವಾಗುತ್ತದೆ.

ಎಲ್ಲ ದ್ರಾಕ್ಷಿಯ ಗುಣ. ಇಲ್ಲಿ ಬೆಳೆಯುವುದು ನೆಬ್ಬಿಯೋಲೊ, ಇಟಲಿಯದೇ ಪಿಯೆಮೊಂತೆ ಪ್ರಾಂತ್ಯದ ಬಾರೊಲೊ ವೈನಿಗೆ ಬಳಸುವ ಅದೇ ತಳಿ. ವಾಲ್ತೆಲ್ಲೀನಾದವರು ಇದನ್ನು ಕ್ಯಾವೆನ್ನಾಸ್ಕ ಎನ್ನುತ್ತಾರೆ. ಇದರ ಸಿಪ್ಪೆಯಲ್ಲಿರುವ ಬಣ್ಣ ಬೇಗ ಮಾಸುವ ಬಗೆಯದು, ಒಗರು ಮಾತ್ರ ಧಾರಾಳ. ಹಾಗಾಗಿ ಈ ವೈನಿನ ಬಲವನ್ನು ಬಣ್ಣದಿಂದ ಅಳೆಯಬಾರದು.

ಜಾಗ ಇರುವುದು ಇಟಲಿಯ ಲೊಂಬಾರ್ದಿಯಾ ಪ್ರಾಂತ್ಯದ ಉತ್ತರ ತುದಿಯಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಅಂಟಿಕೊಂಡ ಸೊಂದ್ರಿಯೊ ಜಿಲ್ಲೆಯಲ್ಲಿ. ಅದ್ದಾ ನದಿ ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿದು ಕೋಮೊ ಸರೋವರ ಸೇರುತ್ತದೆ. ಹೀಗೆ ಅಡ್ಡಲಾಗಿ ಮಲಗಿದ ಕಣಿವೆಯಲ್ಲಿ ಉತ್ತರ ದಂಡೆಯ ಬೆಟ್ಟ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ದಿನವಿಡೀ ಬಿಸಿಲು ಸಿಗುತ್ತದೆ. ಸುಮಾರು 300ರಿಂದ 700 ಮೀಟರ್ ಎತ್ತರದವರೆಗೆ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿ ಗೋಡೆ ಕಟ್ಟಿ, ಹಿಂದೆ ಮಣ್ಣು ತುಂಬಿ ಬಳ್ಳಿ ನೆಟ್ಟಿದ್ದಾರೆ. ಆ ಗೋಡೆಗಳನ್ನೆಲ್ಲ ಒಂದಕ್ಕೊಂದು ಜೋಡಿಸಿದರೆ ಸುಮಾರು 2,500 ಕಿಲೋಮೀಟರ್ ಆಗುತ್ತದೆ ಎಂಬುದು ಅಲ್ಲಿಯವರ ಲೆಕ್ಕ. ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುವ ಕಲೆಯನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಹೆಸರಿಸಿದ ಎಂಟು ದೇಶಗಳಲ್ಲಿ ಇಟಲಿಯೂ ಒಂದಾಗಿತ್ತು. ಹಗಲಿಡೀ ಕಾದ ಕಲ್ಲು ದ್ರಾಕ್ಷಿಯನ್ನು ಮಾಗಿಸುತ್ತದೆ, ಆಲ್ಪ್ಸ್‌ನ ರಾತ್ರಿಯ ಚಳಿ ಹುಳಿಯನ್ನು ಇಳಿಯಗೊಡುವುದಿಲ್ಲ. ಹುಳಿ, ಒಗರು ಎರಡನ್ನೂ ನೆನಪಿಟ್ಟುಕೊಳ್ಳಿ. ಮುಂದೆ ಬರುವ ಊಟದ ಲೆಕ್ಕವೆಲ್ಲ ಇವೆರಡರ ಮೇಲೆಯೇ ನಿಂತಿದೆ.

ಯಾವ ಬಾಟಲಿ ಕೊಳ್ಳಬೇಕು

ಲೇಬಲ್ಲಿನಲ್ಲಿ ಮೂರು ಹೆಸರು ಗುರುತಿಸಿದರೆ ಸಾಕು.

"ರೊಸ್ಸೊ ದಿ ವಾಲ್ತೆಲ್ಲೀನಾ" ಎಳೆಯದು, ಹಗುರ. ಕನಿಷ್ಠ ಆರು ತಿಂಗಳು ಇಟ್ಟು ಮಾರಬಹುದು. ಬೆಲೆಯೂ ಕಡಿಮೆ. ಮೊದಲ ಸಲ ರುಚಿ ನೋಡುವವರು ಇದರಿಂದಲೇ ಶುರು ಮಾಡುವುದು ಒಳ್ಳೆಯದು.

"ವಾಲ್ತೆಲ್ಲೀನಾ ಸುಪೆರಿಯೋರೆ" ಈ ಕಣಿವೆಯ ಮುಖ್ಯ ವೈನ್. 1998ರಿಂದ ಇಟಲಿಯ ಅತ್ಯುನ್ನತ ದರ್ಜೆಯಾದ ಡಿಒಸಿಜಿ ಇದಕ್ಕಿದೆ. ಶೇ. 90ರಷ್ಟಾದರೂ ನೆಬ್ಬಿಯೋಲೊ ಇರಬೇಕು. 24 ತಿಂಗಳು ಮಾಗಬೇಕು, ಅದರಲ್ಲಿ 12 ತಿಂಗಳು ಮರದ ಪೀಪಾಯಿಯಲ್ಲಿ. "ರಿಸೆರ್ವಾ" ಎಂದಿದ್ದರೆ ಮೂರು ವರ್ಷ. ಜೊತೆಗೆ ಐದು ಉಪವಲಯಗಳಲ್ಲಿ ಒಂದರ ಹೆಸರಿರಬಹುದು. ಪಶ್ಚಿಮದಿಂದ ಪೂರ್ವಕ್ಕೆ ಅವು ಮಾರೊಜ್ಜಾ, ಸಾಸ್ಸೆಲ್ಲಾ, ಗ್ರುಮೆಲ್ಲೊ, ಇನ್ಫೆರ್ನೊ, ವಾಲ್ಜೆಲ್ಲಾ. ಸ್ಥೂಲವಾಗಿ ಹೇಳುವುದಾದರೆ ಸಾಸ್ಸೆಲ್ಲಾ ಬಿಗಿ, ಕಾಯಬೇಕು; ಗ್ರುಮೆಲ್ಲೊ ಮೃದು, ಬೇಗ ತೆರೆಯಬಹುದು; ಇನ್ಫೆರ್ನೊ ಹೆಸರೇ ಹೇಳುವಂತೆ (ಇಟಾಲಿಯನ್ನಿನಲ್ಲಿ ನರಕ) ಸುಡುವ ಕಡಿದಾದ ಇಳಿಜಾರಿನದು, ಹಣ್ಣು ಚೆನ್ನಾಗಿ ಮಾಗಿರುತ್ತದೆ; ವಾಲ್ಜೆಲ್ಲಾ ತುಸು ತಂಪು ಜಾಗ, ವೈನ್ ಹಗುರ. ಆದರೆ ಇದನ್ನು ಶಾಸನದಂತೆ ನಂಬಬೇಡಿ. ಮಾಡುವವರ ಕೈಗುಣ, ಆ ವರ್ಷದ ಹವೆ ಈ ವ್ಯತ್ಯಾಸವನ್ನು ಸುಲಭವಾಗಿ ನುಂಗಿಹಾಕುತ್ತವೆ.

"ಸ್ಫೋರ್ತ್ಸಾತೊ", ಅಲ್ಲಿನ ಆಡುಮಾತಿನಲ್ಲಿ ಸ್ಫುರ್ಸಾತ್, ಬೇರೆಯದೇ ಜಾತಿ. ಕೊಯ್ದ ಗೊಂಚಲುಗಳನ್ನು ಗಾಳಿಯಾಡುವ ಅಟ್ಟದಲ್ಲಿ ಹರಡಿ ಡಿಸೆಂಬರ್‌ವರೆಗೆ ಬಾಡಿಸುತ್ತಾರೆ. ನೀರು ಆರಿ ದ್ರಾಕ್ಷಿಯ ತೂಕ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ, ಸಕ್ಕರೆ ಗಟ್ಟಿಯಾಗುತ್ತದೆ. ಒಣದ್ರಾಕ್ಷಿಯ ವೈನ್ ಎಂದು ಕೇಳಿ ಸಿಹಿ ಇರಬಹುದು ಅಂದುಕೊಂಡರೆ ತಪ್ಪು: ಆ ಸಕ್ಕರೆಯೆಲ್ಲ ಹುದುಗಿ ಆಲ್ಕೋಹಾಲ್ ಆಗಿರುತ್ತದೆ. ಕನಿಷ್ಠ ಶೇ. 14. ಇದನ್ನು ಸಿಹಿತಿಂಡಿಯ ಜೊತೆ ಬಡಿಸಿ ಎರಡನ್ನೂ ಕೆಡಿಸುವವರಿದ್ದಾರೆ.

ಇನ್ನೊಂದು ಗೊಂದಲ. ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಕಡೆ ಈ ವೈನನ್ನು "ವೆಲ್ಟ್ಲಿನರ್" ಎಂದು ಮಾರುತ್ತಾರೆ. 1512ರಿಂದ 1797ರವರೆಗೆ ಕಣಿವೆಯನ್ನು ಆಳಿದವರು ಅವರೇ, ರುಚಿ ಹತ್ತಿದ್ದು ಬಿಟ್ಟಿಲ್ಲ. ಆಸ್ಟ್ರಿಯಾದ "ಗ್ರ್ಯೂನರ್ ವೆಲ್ಟ್ಲಿನರ್" ಬಿಳಿ ವೈನು. ಅದಕ್ಕೂ ಇದಕ್ಕೂ ಹೆಸರು ಬಿಟ್ಟರೆ ಏನೂ ಇಲ್ಲ.

ಅಂಗಡಿಯಲ್ಲಿ ಬಾಟಲಿಯ ಕತ್ತು ನೋಡಿ. ಕಾರ್ಕ್ ಉಬ್ಬಿ ಮೇಲಿನ ಹೊದಿಕೆಯನ್ನು ತಳ್ಳಿದ್ದರೆ, ಅಥವಾ ಹೊದಿಕೆಯ ಅಂಚಿನಲ್ಲಿ ಅಂಟಂಟಾದ ಕಲೆಯಿದ್ದರೆ ಆ ಬಾಟಲಿ ಎಲ್ಲೋ ಗೋದಾಮಿನಲ್ಲೋ ಲಾರಿಯಲ್ಲೋ ಬೆಂದಿದೆ. ಎಷ್ಟೇ ರಿಯಾಯಿತಿ ಕೊಟ್ಟರೂ ಬೇಡ.

ತಣಿಸುವುದು

"ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು" ಎಂಬ ಮಾತು ಚಳಿ ದೇಶದ ಕಲ್ಲಿನ ಮನೆಯಲ್ಲಿ ಹುಟ್ಟಿದ್ದು. ನಮ್ಮ ಕೋಣೆ ಬೇಸಿಗೆಯಲ್ಲಿ 28 ಡಿಗ್ರಿ. ಆ ಶಾಖದಲ್ಲಿ ಆಲ್ಕೋಹಾಲ್ ಮೂಗಿಗೆ ಹೊಡೆದು ಗುಲಾಬಿ, ಚೆರಿಯ ಪರಿಮಳವೆಲ್ಲ ಮುಚ್ಚಿಹೋಗುತ್ತದೆ. ತೀರ ತಣ್ಣಗಾದರೆ ಇನ್ನೊಂದು ತೊಂದರೆ: 10 ಡಿಗ್ರಿಯಲ್ಲಿ ಒಗರು ಎರಡು ಪಟ್ಟಾದಂತೆ ಅನ್ನಿಸಿ, ಕಹಿ ಎದ್ದು ಕಾಣುತ್ತದೆ.

ರೊಸ್ಸೊ 14ರಿಂದ 16 ಡಿಗ್ರಿ, ಸುಪೆರಿಯೋರೆ 16ರಿಂದ 18, ಸ್ಫೋರ್ತ್ಸಾತೊ 18. ಬಿಸಿ ಕೋಣೆಯಿಂದ ತೆಗೆದ ಬಾಟಲಿಯಾದರೆ ಫ್ರಿಜ್ಜಿನಲ್ಲಿ ಸುಮಾರು ಒಂದೂವರೆ ಗಂಟೆ ಮಲಗಿಸಿದರೆ 17ರ ಹತ್ತಿರ ಬರುತ್ತದೆ. ಅವಸರವಿದ್ದರೆ ಬಕೆಟ್ಟಿನಲ್ಲಿ ಅರ್ಧ ಐಸು, ಅರ್ಧ ನೀರು ಹಾಕಿ ಕತ್ತಿನವರೆಗೆ ಮುಳುಗಿಸಿ; 12ರಿಂದ 15 ನಿಮಿಷ ಸಾಕು. ಬರೀ ಐಸಿನಲ್ಲಿ ಇಟ್ಟರೆ ತುಂಡುಗಳ ನಡುವೆ ಗಾಳಿ ಉಳಿದು ಬಾಟಲಿ ನಿಧಾನವಾಗಿ ತಣಿಯುತ್ತದೆ, ನೀರು ಬೇಕೇ ಬೇಕು. ಗ್ಲಾಸಿಗೆ ಬಿದ್ದ ವೈನ್ ಬೇಗ ಬಿಸಿಯಾಗುವುದರಿಂದ ಬೇಕಾದ್ದಕ್ಕಿಂತ ಎರಡು ಡಿಗ್ರಿ ಕಡಿಮೆಯಲ್ಲೇ ಸುರಿಯಿರಿ. ಉಷ್ಣಮಾಪಕ ಇಲ್ಲದಿದ್ದರೆ ಬಾಟಲಿಗೆ ಅಂಗೈ ಒತ್ತಿ ನೋಡಿ: ಮಡಕೆಯ ನೀರಿನ ತಂಪು ಇದ್ದರೆ ಸರಿ, ಕೈ ಜುಮ್ಮೆಂದರೆ ಹೊರಗಿಡಿ.

ತೆರೆಯುವುದು, ಗಾಳಿ ಕೊಡುವುದು

ಎಂಟು ಹತ್ತು ವರ್ಷ ದಾಟಿದ ಬಾಟಲಿಯ ತಳದಲ್ಲಿ ಕಾಫಿಯ ಚರಟದಂತೆ ಗಸಿ ಕೂತಿರುತ್ತದೆ. ಬಣ್ಣವೂ ಒಗರೂ ಒಂದಕ್ಕೊಂದು ಕೂಡಿ ತಳಕ್ಕಿಳಿದದ್ದು ಅದು. ಹಾನಿಯಿಲ್ಲ, ಆದರೆ ಬಾಯಿಗೆ ಬಂದರೆ ಕಹಿ. ತೆರೆಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಸುರಿಯುವಾಗ ಕತ್ತಿನ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಒಂದೇ ಓಟದಲ್ಲಿ ನಿಧಾನವಾಗಿ ಬಗ್ಗಿಸುತ್ತ, ಗಸಿ ಕತ್ತಿಗೆ ಬರುತ್ತಿದ್ದಂತೆ ನಿಲ್ಲಿಸಿ. ನಡುವೆ ಎತ್ತಿ ಇಳಿಸಿದರೆ ಎಲ್ಲ ಕದಡಿಹೋಗುತ್ತದೆ.

ಎಳೆಯ ಸುಪೆರಿಯೋರೆಗೆ ಗಾಳಿ ಬೇಕು. ಕಾರ್ಕ್ ತೆಗೆದು ಬಾಟಲಿಯನ್ನು ಹಾಗೇ ಇಟ್ಟರೆ ಏನೂ ಆಗುವುದಿಲ್ಲ, ಏಕೆಂದರೆ ಕತ್ತಿನೊಳಗೆ ಗಾಳಿ ಮುಟ್ಟುವುದು ಒಂದು ನಾಣ್ಯದಗಲದ ವೈನನ್ನು. ಡಿಕ್ಯಾಂಟರ್ ಇಲ್ಲದಿದ್ದರೆ ವಾಸನೆಯಿಲ್ಲದ ಅಗಲ ಬಾಯಿಯ ಗಾಜಿನ ಜಗ್ ಸಾಕು. ಅದರಲ್ಲಿ 45 ನಿಮಿಷದಿಂದ ಒಂದು ಗಂಟೆ. ಸ್ಫೋರ್ತ್ಸಾತೊಗೂ ಅಷ್ಟೇ. ಹದಿನೈದು ವರ್ಷದ ಹಳೆಯ ಬಾಟಲಿಗೆ ಮಾತ್ರ ಈ ಉಪಚಾರ ಬೇಡ, ಗಸಿ ಬೇರೆ ಮಾಡಿದ ತಕ್ಷಣ ಕುಡಿಯಿರಿ. ಅದರ ಪರಿಮಳ ಗಾಳಿಯಲ್ಲಿ ಅರ್ಧ ಗಂಟೆಯಲ್ಲೇ ಆರಿಹೋಗಬಹುದು.

ರುಚಿ ನೋಡುವ ಕ್ರಮ

ಹೊಟ್ಟೆಯ ಭಾಗ ಅಗಲವಾಗಿ ಬಾಯಿ ಕಿರಿದಾದ ದೊಡ್ಡ ಗ್ಲಾಸು ಬೇಕು, ಒಟ್ಟು 500 ಮಿಲಿ ಹಿಡಿಯುವಂಥದು. ಅದಕ್ಕೆ ಸುರಿಯುವುದು 75 ಮಿಲಿ ಮಾತ್ರ. ಹೀಗೆ ಒಂದು ಬಾಟಲಿಯಲ್ಲಿ ಹತ್ತು ಜನ ರುಚಿ ನೋಡಬಹುದು. ಆ ದಿನ ಅಗರಬತ್ತಿ, ಒಗ್ಗರಣೆ, ಅತ್ತರು ಯಾವುದೂ ಹತ್ತಿರ ಇರಬಾರದು. ಸಾಸಿವೆ ಇಂಗಿನ ಒಗ್ಗರಣೆಯ ಮುಂದೆ ಯಾವ ವೈನಿನ ಪರಿಮಳವೂ ನಿಲ್ಲುವುದಿಲ್ಲ.

ಮೊದಲು ಬಿಳಿ ಹಾಳೆಯ ಮೇಲೆ ಗ್ಲಾಸನ್ನು ಓರೆಯಾಗಿ ಹಿಡಿದು ಅಂಚು ನೋಡಿ. ಮಾಣಿಕ್ಯದ ಕೆಂಪಿದ್ದರೆ ಎಳೆಯದು, ಕಿತ್ತಳೆ ಛಾಯೆಯಿದ್ದರೆ ವಯಸ್ಸಾಗಿದೆ. ಆದರೆ ನೆಬ್ಬಿಯೋಲೊ ಬೇರೆ ವೈನುಗಳಿಗಿಂತ ಬೇಗ ಕಿತ್ತಳೆಗೆ ತಿರುಗುವುದರಿಂದ ಐದು ವರ್ಷದ ಬಾಟಲಿ ಹಾಗೆ ಕಂಡರೆ ಗಾಬರಿ ಬೇಡ. ಇಡೀ ವೈನ್ ಕಂದಾಗಿ, ಕದಡಿದಂತಿದ್ದರೆ ಮಾತ್ರ ಅನುಮಾನಪಡಿ.

ಆಮೇಲೆ ಗ್ಲಾಸು ಅಲುಗಿಸದೆ ಒಮ್ಮೆ ಮೂಸಿ, ಮೇಜಿನ ಮೇಲಿಟ್ಟು ನಾಲ್ಕೈದು ಸುತ್ತು ತಿರುಗಿಸಿ ಮತ್ತೊಮ್ಮೆ ಮೂಸಿ. ಎಳೆಯದರಲ್ಲಿ ಕೆಂಪು ಚೆರಿ, ರಾಸ್ಪ್‌ಬೆರಿ, ಗುಲಾಬಿ ಎಸಳು. ಹಳೆಯದರಲ್ಲಿ ಅದೇ ಗುಲಾಬಿ ಒಣಗಿ ಗುಲ್ಕಂದಿನ ಕಡೆಗೆ ವಾಲಿರುತ್ತದೆ. ಜೊತೆಗೆ ಒಣ ಸೊಪ್ಪು, ಚಹಾ ಎಲೆ, ತೊಗಲು, ಕೆಲವೊಮ್ಮೆ ಹೊಸದಾಗಿ ಹಾಕಿದ ಡಾಂಬರು. ಹೆಸರು ಹುಡುಕಲು ಒದ್ದಾಡಬೇಡಿ. ಹಣ್ಣೋ, ಹೂವೋ, ಸೊಪ್ಪೋ, ಮರವೋ ಎಂದು ಗುಂಪು ಗುರುತಿಸಿದರೆ ಮೊದಲ ದಿನಕ್ಕೆ ಬೇಕಾದಷ್ಟಾಯಿತು.

ಗುಟುಕು ಒಂದು ದೊಡ್ಡ ಚಮಚದಷ್ಟು ಇರಲಿ. ಬಾಯಿ ತುಂಬ ಆಡಿಸಿ, ತುಸು ಗಾಳಿ ಎಳೆದುಕೊಂಡು, ಹತ್ತು ಎಣಿಸಿ, ನುಂಗಿ ಅಥವಾ ಉಗುಳಿ. ಈಗ ಎರಡು ಜಾಗ ಗಮನಿಸಿ. ನಾಲಿಗೆಯ ಇಕ್ಕೆಲದಲ್ಲಿ ಜೊಲ್ಲೂರಿದರೆ ಅದು ಹುಳಿ. ಒಸಡು, ಮೇಲ್ತುಟಿಯ ಒಳಭಾಗ ಒಣಗಿ ಅಂಟಿಕೊಂಡಂತಾದರೆ ಅದು ಒಗರು. ಒಂದು ತೇವ ಮಾಡುತ್ತದೆ, ಇನ್ನೊಂದು ಒಣಗಿಸುತ್ತದೆ, ಹಾಗಾಗಿ ಗುರುತಿಸುವುದು ಕಷ್ಟವಲ್ಲ.

ಒಗರಿನ ವಿಷಯದಲ್ಲಿ ಕನ್ನಡಿಗರಿಗೆ ಅರ್ಧ ಪಾಠ ಆಗಲೇ ಬರುತ್ತದೆ. ಗೇರುಹಣ್ಣು ಕಚ್ಚಿದವರಿಗೆ, ಹಸಿ ಅಡಿಕೆ ಅಗಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟ್ಯಾನಿನ್ ಎಂಬ ವಸ್ತು ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಹಿಂಡಿಹಾಕುತ್ತದೆ, ಬಾಯಿಯ ಜಾರುತನ ಹೋಗುತ್ತದೆ. ಒಳ್ಳೆಯ ವಾಲ್ತೆಲ್ಲೀನಾದಲ್ಲಿ ಈ ಒಗರು ಗೇರುಹಣ್ಣಿನಂತೆ ಗಂಟಲು ಕೆರೆಯುವುದಿಲ್ಲ. ನಯವಾದ ಪುಡಿ ಸವರಿದಂತೆ ಇರುತ್ತದೆ, ಹಾಲಿಲ್ಲದ ಗಟ್ಟಿ ಚಹಾದ ಹಾಗೆ. ಆ ಚಹಾಕ್ಕೆ ಹಾಲು ಹಾಕಿದರೆ ಒಗರು ಅಡಗುವುದೇಕೆ? ಹಾಲಿನ ಪ್ರೋಟೀನು ಜೊಲ್ಲಿಗಿಂತ ಮೊದಲೇ ಟ್ಯಾನಿನ್ನನ್ನು ಹಿಡಿದುಕೊಳ್ಳುತ್ತದೆ. ಈ ವೈನಿನ ಪಕ್ಕ ಚೀಸ್ ಇರುವುದೂ ಅದೇ ಕಾರಣಕ್ಕೆ.

ನಂಬಿಕೆ ಬಾರದಿದ್ದರೆ ತಟ್ಟೆಯಲ್ಲಿ ಉಪ್ಪು, ಬೆಣ್ಣೆ ಸವರಿದ ಬ್ರೆಡ್ಡು, ಚೀಸಿನ ತುಂಡು, ನಿಂಬೆ ಹೋಳು, ಬೆಲ್ಲದ ಚೂರು ಇಟ್ಟುಕೊಂಡು ಒಂದೊಂದರ ನಂತರ ಒಂದೊಂದು ಗುಟುಕು ಕುಡಿದು ನೋಡಿ, ನಡುನಡುವೆ ನೀರು. ಉಪ್ಪಿನ ನಂತರ ಒಗರು ತಗ್ಗುತ್ತದೆ, ಹಣ್ಣು ಮುಂದೆ ಬರುತ್ತದೆ. ಬೆಣ್ಣೆ, ಚೀಸಿನ ನಂತರ ವೈನ್ ರೇಷ್ಮೆ. ನಿಂಬೆಯ ನಂತರ ಅದರ ಹುಳಿ ಮಾಯವಾಗಿ ಸಪ್ಪೆ. ಬೆಲ್ಲದ ನಂತರ ಹುಳಿಹುಳಿ, ಕಹಿ, ಕುಡಿಯಲಾಗದು. ಹಸಿಮೆಣಸಿನಕಾಯಿಯನ್ನು ಕೊನೆಗಿಡಿ, ಅದಾದ ಮೇಲೆ ಇನ್ನೇನೂ ತಿಳಿಯುವುದಿಲ್ಲ: ಆಲ್ಕೋಹಾಲ್ ಉರಿಯನ್ನು ಹೆಚ್ಚಿಸುತ್ತದೆ, ಒಗರು ಆ ಉರಿಯ ಮೇಲೆ ಮರಳು ಉಜ್ಜಿದಂತಾಗುತ್ತದೆ.

ಕೆಟ್ಟ ಬಾಟಲಿಯ ಗುರುತು

ಮಳೆಗಾಲದಲ್ಲಿ ಮುಗ್ಗಲು ಹಿಡಿದ ರಟ್ಟಿನ ವಾಸನೆ ಬಂದರೆ ಕಾರ್ಕಿನ ದೋಷ. ಗಾಳಿಗಿಟ್ಟಷ್ಟೂ ಹೆಚ್ಚುತ್ತದೆ, ಮರಳಿ ಕೊಡುವುದೊಂದೇ ದಾರಿ. ಉಗುರುಬಣ್ಣ ತೆಗೆಯುವ ದ್ರಾವಣದ ಅಥವಾ ವಿನೆಗರ್ ವಾಸನೆ ತೀಕ್ಷ್ಣವಾಗಿದ್ದರೆ ಅದೂ ದೋಷವೇ, ಆದರೆ ಸ್ಫೋರ್ತ್ಸಾತೊದಲ್ಲಿ ಇದರ ಎಳೆಯೊಂದು ಸಹಜ, ಬಾಡಿಸಿದ ದ್ರಾಕ್ಷಿಯಿಂದ ಬರುತ್ತದೆ. ಗೀರಿದ ಬೆಂಕಿಕಡ್ಡಿ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದ ಕೂಡಲೇ ಚೆಲ್ಲಬೇಡಿ. ಜಗ್ಗಿಗೆ ಸುರಿದು ಇಪ್ಪತ್ತು ನಿಮಿಷ ಕಾಯ್ದರೆ ಹೆಚ್ಚಿನ ಸಲ ಹೋಗಿಬಿಡುತ್ತದೆ.

ಜೊತೆಗೆ ಏನು: ಮೊದಲು ಪಿತ್ಸೊಕ್ಕೆರಿ

ಈ ವೈನಿಗೆ ಜೊತೆ ಹುಡುಕಲು ದೂರ ಹೋಗಬೇಕಿಲ್ಲ. ಅದೇ ಕಣಿವೆಯ ತೇಲ್ಯೊ ಊರಿನ ಪಿತ್ಸೊಕ್ಕೆರಿ ಇದೆ: ಬಕ್‌ವೀಟ್ ಹಿಟ್ಟಿನ ಗಿಡ್ಡ ಅಗಲ ಶಾವಿಗೆ, ಆಲೂಗಡ್ಡೆ, ಕೋಸು, ಚೀಸು, ಬೆಣ್ಣೆ. ಮಾಂಸವಿಲ್ಲ. ನಮ್ಮಲ್ಲಿ ಈ ಹಿಟ್ಟು ಉಪವಾಸದ "ಕುಟ್ಟು" ಹೆಸರಿನಲ್ಲಿ ಸಿಗುತ್ತದೆ. ತೇಲ್ಯೊದವರು ಒಪ್ಪಿದ ಅಳತೆ ನಾಲ್ಕು ಜನಕ್ಕೆ ಹೀಗಿದೆ: ಕುಟ್ಟು ಹಿಟ್ಟು 400 ಗ್ರಾಂ, ಮೈದಾ 100 ಗ್ರಾಂ, ಬೆಣ್ಣೆ 200 ಗ್ರಾಂ, ಕಜೇರಾ ಚೀಸ್ 250 ಗ್ರಾಂ, ತುರಿದ ಗ್ರಾನಾ ಚೀಸ್ 150 ಗ್ರಾಂ, ಕೋಸು 200 ಗ್ರಾಂ, ಆಲೂಗಡ್ಡೆ 250 ಗ್ರಾಂ, ಒಂದು ಎಸಳು ಬೆಳ್ಳುಳ್ಳಿ, ಕಾಳುಮೆಣಸು.

ಎರಡೂ ಹಿಟ್ಟನ್ನು ನೀರಿನಲ್ಲಿ ಕಲಸಿ ಐದು ನಿಮಿಷ ನಾದಿ. ಕುಟ್ಟುವಿನಲ್ಲಿ ಅಂಟು ಇಲ್ಲ, ಮೈದಾ ಬಿಟ್ಟರೆ ಶಾವಿಗೆ ಕುದಿಯುವ ನೀರಿನಲ್ಲಿ ಒಡೆದು ಅಂಬಲಿಯಾಗುತ್ತದೆ. 2ರಿಂದ 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, 7–8 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ, ಪಟ್ಟಿಗಳನ್ನು ಒಂದರ ಮೇಲೊಂದಿಟ್ಟು ಅಡ್ಡಲಾಗಿ ಅರ್ಧ ಸೆಂಟಿಮೀಟರ್ ಅಗಲಕ್ಕೆ ಹೆಚ್ಚಿ. ಉಪ್ಪುನೀರಿನಲ್ಲಿ ಆಲೂಗಡ್ಡೆ ಹೋಳು, ಕೋಸು ಹಾಕಿ ಐದು ನಿಮಿಷ ಕುದಿಸಿ, ಶಾವಿಗೆ ಸೇರಿಸಿ ಇನ್ನು ಹತ್ತು ನಿಮಿಷ. ಜಾಲರಿ ಸೌಟಿನಿಂದ ಎತ್ತಿ, ಮೊದಲೇ ಬಿಸಿ ಮಾಡಿದ ಪಾತ್ರೆಗೆ ಒಂದು ಪದರ ಶಾವಿಗೆ, ಒಂದು ಪದರ ಚೀಸ್ ಹೀಗೆ ತುಂಬಿ. ಪಾತ್ರೆ ತಣ್ಣಗಿದ್ದರೆ ಚೀಸ್ ಕರಗದೆ ಗಂಟಾಗುತ್ತದೆ. ಬೆಳ್ಳುಳ್ಳಿ ಹಾಕಿದ ಬೆಣ್ಣೆಯನ್ನು ಕಂದು ಬರುವವರೆಗೆ ಕಾಯಿಸಿ ಮೇಲೆ ಸುರಿದು, ಕಲಕದೆ, ಕಾಳುಮೆಣಸಿನ ಪುಡಿ ಉದುರಿಸಿ ಬಡಿಸಿ. ಕಜೇರಾ ಸಿಗದಿದ್ದರೆ ಹೆಚ್ಚು ಹಳೆಯದಲ್ಲದ ಗೌಡಾ ನಡೆಯುತ್ತದೆ. ಪಿತ್ಸಾ ಮೇಲಿನ ಮೊತ್ಸಾರೆಲ್ಲಾ ಮಾತ್ರ ಬೇಡ, ನಾರುನಾರಾಗಿ ಎಳೆಯುತ್ತದೆ, ರುಚಿಯೂ ಸಾಲದು.

ಸಸ್ಯಾಹಾರಿಗಳಿಗೆ ಒಂದು ಮಾತು. ಕಜೇರಾ, ಗ್ರಾನಾ, ಮುಂದೆ ಬರುವ ಬಿತ್ತೊ, ಈ ಮೂರು ಚೀಸನ್ನೂ ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದು ಬೇಡವಾದವರು ಲೇಬಲ್ಲಿನಲ್ಲಿ ಸಸ್ಯಜನ್ಯ ಅಥವಾ ಸೂಕ್ಷ್ಮಜೀವಿಯ ರೆನೆಟ್ ಎಂದಿರುವ ಚೀಸ್ ಆರಿಸಿಕೊಳ್ಳಬೇಕು.

ಇದರ ಜೊತೆ ಕುಡಿಯಬೇಕಾದ್ದು ಸುಪೆರಿಯೋರೆ. ಬೆಣ್ಣೆ ಚೀಸು ಒಗರನ್ನು ಹಿಡಿದುಕೊಂಡರೆ, ವೈನಿನ ಹುಳಿ ಬಾಯಿಗಂಟಿದ ಜಿಡ್ಡನ್ನು ತೊಳೆಯುತ್ತದೆ. ಕುಟ್ಟುವಿನ ಮಣ್ಣಿನ ವಾಸನೆ, ತುಸು ಕಹಿ, ವೈನಿನ ಒಣ ಸೊಪ್ಪಿನ ಪರಿಮಳಕ್ಕೆ ಹೊಂದುತ್ತದೆ. ಸ್ಫೋರ್ತ್ಸಾತೊ ಇಲ್ಲಿ ಅತಿಯಾಗುತ್ತದೆ, ಭಾರದ ಮೇಲೆ ಭಾರ.

ಮಿಕ್ಕ ಜೋಡಿಗಳು

ಶ್ಯಾತ್ ಎಂದರೆ ಚೀಸಿನ ತುಂಡನ್ನು ಕುಟ್ಟು ಹಿಟ್ಟಿನಲ್ಲಿ ಅದ್ದಿ ಕರಿದ ಬೋಂಡಾ. ಆಕಾರ ನೋಡಿ ಅಲ್ಲಿನವರು ಕಪ್ಪೆ ಎಂದು ಹೆಸರಿಟ್ಟಿದ್ದಾರೆ. ಇದಕ್ಕೆ ತಂಪಾದ ರೊಸ್ಸೊ. ಮೆಕ್ಕೆಜೋಳದ ಹಿಟ್ಟಿನ ಜೊತೆ ಕುಟ್ಟು ಬೆರೆಸಿ ಮುದ್ದೆಯಂತೆ ತಿರುವಿ ಚೀಸ್ ಕಲಸಿದ ಪೊಲೆಂತಾ ತರಾಞ್ಞಾಗೆ ರೊಸ್ಸೊವೂ ಆದೀತು, ಸುಪೆರಿಯೋರೆಯೂ ಆದೀತು.

ಬ್ರೆಸಾವೊಲಾ, ಉಪ್ಪು ಹಾಕಿ ಒಣಗಿಸಿದ ದನದ ತೊಡೆಯ ಮಾಂಸ, ಕಾಗದದಷ್ಟು ತೆಳ್ಳಗೆ ಹೆಚ್ಚಿದ್ದು. ಕೊಬ್ಬು ಇಲ್ಲದ್ದರಿಂದ ಬಿಗಿ ಒಗರಿನ ಸಾಸ್ಸೆಲ್ಲಾ ಇದರ ಪಕ್ಕ ಒರಟಾಗುತ್ತದೆ, ರೊಸ್ಸೊ ಒಳ್ಳೆಯದು. ಮೇಲೆ ನಿಂಬೆ ಹಿಂಡುವ ಅಭ್ಯಾಸ ಹಲವರಿಗಿದೆ. ಹಿಂಡಿದರೆ ಮಾಂಸ ಬೂದುಬಣ್ಣಕ್ಕೆ ತಿರುಗುತ್ತದೆ, ವೈನ್ ಸಪ್ಪೆಯಾಗುತ್ತದೆ. ನಾಲ್ಕು ಹನಿ ಆಲಿವ್ ಎಣ್ಣೆ ಸಾಕು. ಅಂದಹಾಗೆ ಈ ಮಾಂಸದ ಬಹುಪಾಲು ಆಲ್ಪ್ಸ್‌ನದಲ್ಲ, ಬ್ರೆಜಿಲ್ಲಿನ, ಬೆನ್ನ ಮೇಲೆ ಡುಬ್ಬವಿರುವ ದನಗಳದು. ಅಲ್ಲಿನ ಪ್ರಸಿದ್ಧ ನೆಲೋರೆ ತಳಿಯ ಮೂಲ ಆಂಧ್ರದ ಒಂಗೋಲು ಜಾನುವಾರು.

ಸ್ಫೋರ್ತ್ಸಾತೊಗೆ ಗಂಟೆಗಟ್ಟಲೆ ಬೇಯಿಸಿದ ಜಿಂಕೆ ಅಥವಾ ದನದ ಮಾಂಸ, ಅಥವಾ ಒಂದೆರಡು ವರ್ಷ ಮಾಗಿದ ಬಿತ್ತೊ ಚೀಸ್. ಬಿತ್ತೊವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಟ್ಟದ ಹುಲ್ಲುಗಾವಲಿನಲ್ಲಿ ಮಾತ್ರ ಮಾಡುತ್ತಾರೆ. ಚೀಸನ್ನು ಒಂದು ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆದಿಡಿ. ಜೇನು, ಅಂಜೂರದ ಜಾಮ್ ಪಕ್ಕದಲ್ಲಿಡುವ ಹೋಟೆಲ್ ಚಾಳಿ ಬೇಡ, ಬೆಲ್ಲದ ಚೂರಿನ ಕಥೆಯೇ ಮತ್ತೆ ಆಗುತ್ತದೆ.

ಮೀನಿಗೆ ಈ ವೈನ್ ಬೇಡ. ಬಂಗುಡೆ, ಭೂತಾಯಿಯಂಥ ಎಣ್ಣೆ ಮೀನಿನ ಜೊತೆ ಬಾಯಲ್ಲಿ ತುಕ್ಕಿನ, ಹಳಸಿದ ಮೀನಿನ ರುಚಿ ಉಳಿಯುತ್ತದೆ. ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆಯ ಮೇಲೆ ಮಾಡುವ ಕೆಲಸ ಅದು. ನಮ್ಮ ಸಾರು, ಹುಳಿ, ಚಟ್ನಿಪುಡಿಯೂ ಸೇರುವುದಿಲ್ಲ: ಹುಣಸೆ, ಖಾರ, ಬೆಲ್ಲ ಮೂರೂ ಒಟ್ಟಿಗೆ ವೈನಿನ ಮೇಲೆ ಬೀಳುತ್ತವೆ. ಮನೆಯಲ್ಲಿರುವುದರಲ್ಲೇ ಪ್ರಯತ್ನಿಸುವುದಾದರೆ ಬೆಣ್ಣೆ ಮೆತ್ತಿದ ಜೋಳದ ರೊಟ್ಟಿ, ಬೆಣ್ಣೆ ಕಾಳುಮೆಣಸಿನಲ್ಲಿ ಹುರಿದ ಅಣಬೆ, ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕಿದ ಮಟನ್ ಇವುಗಳಿಂದ ಶುರು ಮಾಡಿ.

ಉಳಿದದ್ದು

ಕಾರ್ಕ್ ಮುಚ್ಚಿ ನೆಟ್ಟಗೆ ಫ್ರಿಜ್ಜಿನಲ್ಲಿಡಿ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಚಿಕ್ಕ ಬಾಟಲಿಗೆ ಅಂಚಿನವರೆಗೆ ತುಂಬಿ, ಒಳಗೆ ಗಾಳಿಗೆ ಜಾಗ ಬಿಡಬೇಡಿ. ರೊಸ್ಸೊ ಮರುದಿನಕ್ಕೆ ಮುಗಿಸಬೇಕು. ಎಳೆಯ ಸುಪೆರಿಯೋರೆ ಎರಡನೆಯ ದಿನ ಮೊದಲ ದಿನಕ್ಕಿಂತ ಚೆನ್ನಾಗಿರುವುದೂ ಉಂಟು, ಸ್ಫೋರ್ತ್ಸಾತೊ ಮೂರ್ನಾಲ್ಕು ದಿನ ತಾಳುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯುವುದನ್ನು ಮರೆಯಬೇಡಿ. ಫ್ರಿಜ್ಜಿನ ತಣ್ಣಗೆ ನೇರ ಬಾಯಿಗಿಟ್ಟರೆ ಸಿಗುವುದು ಬರೀ ಒಗರು.